ಎರಡು ಓಡ್ತಾವ, ಒಂದು ನಿಂತಿರ್ತದ

ಹೋದ ವರ್ಷ ಏಪ್ರಿಲ್‌ನ ಒಂದು ಮಧ್ಯಾಹ್ನ ನನ್ನ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನತೊಡಗಿತು. ಶಕ್ತಿನಗರದ ಬಿಸಿಲಿಗೆ ಫ್ಯಾನು ಸದ್ದು ಮಾಡುವುದು ಹೊಸದಲ್ಲ, ಅದೇ ಇರಬೇಕೆಂದು ಸುಮ್ಮನಾದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಲ್ಯಾಪ್‌ಟಾಪು ಆ ಡಿಸ್ಕನ್ನು ಗುರುತಿಸುವುದನ್ನೇ ಬಿಟ್ಟಿತು. ಅದರೊಳಗೆ ದೇವದುರ್ಗದ ಕಡೆಯ ಒಂದು ಹಳ್ಳಿಯ ಅಜ್ಜಿ ಹಾಡಿದ ಹನ್ನೊಂದು ತತ್ವಪದಗಳಿದ್ದವು. ಅಜ್ಜಿ ತೀರಿಕೊಂಡು ಆಗಲೇ ಎರಡು ತಿಂಗಳಾಗಿತ್ತು.

ನನ್ನ ಪಿಎಚ್‌.ಡಿ. ಇರುವುದು ರಾಯಚೂರು, ಮಾನವಿ, ದೇವದುರ್ಗ ಸೀಮೆಯ ತತ್ವಪದ ಮತ್ತು ಮೊಹರಂ ಪದಗಳ ಮೇಲೆ. ಒಳ್ಳೆಯ ಗುಣಮಟ್ಟದಲ್ಲಿ ಧ್ವನಿಮುದ್ರಿಸಿದರೆ ಒಂದು ಗಂಟೆಯ ಹಾಡು ಸುಮಾರು ಒಂದು ಜಿಬಿ ಜಾಗ ತಿನ್ನುತ್ತದೆ. ವಿಡಿಯೊ ಸೇರಿ ನನ್ನ ಬಳಿ ಒಂದೂವರೆ ಟಿಬಿಯಷ್ಟಾಗಿತ್ತು. ಹಳೆಯವನ್ನೆಲ್ಲ ಇನ್ನೊಂದು ಕಡೆ ನಕಲು ಮಾಡಿದ್ದೆ. ಅಜ್ಜಿಯದನ್ನು ಮಾತ್ರ ನಾಳೆ ಮಾಡಿದರಾಯಿತು ಅಂದುಕೊಂಡಿದ್ದೆ. ಡಿಸ್ಕನ್ನು ಹೈದರಾಬಾದಿಗೆ ಹೊತ್ತೊಯ್ದೆ. ರಿಪೇರಿಯವರು ಬಿಚ್ಚಿ ನೋಡಿ, ಒಳಗಿನ ತಟ್ಟೆಯ ಮೇಲೆ ಗೀರು ಬಿದ್ದಿದೆ, ಏನೂ ಬರುವುದಿಲ್ಲ ಎಂದರು.

ಬಂದವಳೇ ಶಪಥ ಮಾಡಿದೆ: ಹಲವು ಡಿಸ್ಕುಗಳನ್ನು ಒಟ್ಟಿಗೆ ಜೋಡಿಸುವ ಒಂದು ಡಬ್ಬಿ ತರಬೇಕು. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಬರೆದ ಪ್ರಬಂಧದಿಂದ ಈ ಜೋಡಣೆಗೆ ರೇಡ್ ಎಂಬ ಹೆಸರು ಬಂತು. ದುಬಾರಿ ಡಿಸ್ಕ್ ಒಂದರ ಬದಲು ಅಗ್ಗದವು ಹಲವನ್ನು ಕೂಡಿಸಿ, ಒಂದು ಸತ್ತರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಉಪಾಯ ಅದು. ಆದರೆ ಎಷ್ಟು ಡಿಸ್ಕು? ಅಲ್ಲೇ ನಾನು ಸಿಕ್ಕಿಬಿದ್ದೆ.

ಎರಡಾದರೆ ಕನ್ನಡಿಯ ಲೆಕ್ಕ. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುತ್ತದೆ. ನಾಲ್ಕು ಟಿಬಿಯ ಎರಡು ಕೊಂಡರೂ ಸಿಗುವುದು ನಾಲ್ಕೇ ಟಿಬಿ. ಅಂಥವೇ ನಾಲ್ಕು ಕೊಂಡು ಒಂದರಷ್ಟು ಜಾಗವನ್ನು ಲೆಕ್ಕಕ್ಕೆ ಬಿಟ್ಟುಕೊಟ್ಟರೆ ಹನ್ನೆರಡು ಟಿಬಿ ಸಿಗುತ್ತದೆ. ಆ ಲೆಕ್ಕ ಸರಳ. ಮೂರು, ಐದು, ಅವುಗಳ ಮೊತ್ತ ಎಂಟು. ಐದು ಅಳಿಸಿಹೋದರೆ ಎಂಟರಲ್ಲಿ ಮೂರು ಕಳೆದು ಅದನ್ನು ಮರಳಿ ಪಡೆಯಬಹುದು. ಕಂಪ್ಯೂಟರಿನ ಲೆಕ್ಕ ಬೇರೆ ತರಹದ್ದಾದರೂ ತತ್ವ ಇದೇ. ತೊಂದರೆ ಏನೆಂದರೆ, ಮನೆಯಲ್ಲಿ ಮಂದಿ ಹೆಚ್ಚಾದಷ್ಟೂ ಯಾರಿಗಾದರೂ ಒಬ್ಬರಿಗೆ ಜ್ವರ ಬರುವ ಸಂಭವ ಹೆಚ್ಚು. ಒಂದು ಡಿಸ್ಕು ಸತ್ತು ಹೊಸದನ್ನು ಹಾಕಿದಾಗ, ಉಳಿದ ಮೂರನ್ನೂ ಮೊದಲಿಂದ ಕೊನೆಯವರೆಗೆ ಓದಿ ಅದನ್ನು ತುಂಬಬೇಕು. ನಾಲ್ಕು ಟಿಬಿಗೆ ಏಳೆಂಟು ಗಂಟೆ ಎಲ್ಲಿಯೂ ಹೋಗುವುದಿಲ್ಲ. ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡ ಅದೇ ವಯಸ್ಸಿನ ಡಿಸ್ಕುಗಳು ಆ ಹೊತ್ತಿನಲ್ಲೇ ಕೈಕೊಟ್ಟರೆ? ಎರಡು ಸತ್ತರೂ ತಡೆಯುವ ಜೋಡಣೆಯೂ ಉಂಟು. ಅದಕ್ಕೆ ಎರಡು ಡಿಸ್ಕಿನ ಜಾಗ ಕೊಡಬೇಕು. ನನ್ನ ಶಿಷ್ಯವೇತನವೋ ಬಂದಾಗ ಬಂತು.

ರಾತ್ರಿ ಹಾಳೆಯ ಮೇಲೆ ಗೀಚುತ್ತಾ ಕುಳಿತಿದ್ದಾಗ ಅಪ್ಪ ಬಂದರು. ಇಲ್ಲಿಯ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಈಗ ಎಂಟು ಘಟಕ, ಒಟ್ಟು 1720 ಮೆಗಾವ್ಯಾಟ್. ಅಪ್ಪ ಅಲ್ಲಿ ಬಾಯ್ಲರಿಗೆ ನೀರು ತಳ್ಳುವ ಪಂಪುಗಳ ಹತ್ತಿರವೇ ತಮ್ಮ ನೌಕರಿಯ ಬಹುಪಾಲು ಕಳೆದವರು.

“ಎಷ್ಟು ಬೇಕಂತವ್ವಾ?”

“ಅದೇ ತಿಳೀವಲ್ದಪ್ಪ. ಎರಡೋ, ನಾಕೋ.”

“ನಮ್ಮ ಘಟಕಕ್ಕ ಮೂರು ಫೀಡ್ ಪಂಪ್ ಇದ್ವು. ಎರಡು ಓಡ್ತಾವ, ಒಂದು ನಿಂತಿರ್ತದ. ಓಡೋದು ಕೆಟ್ರ ನಿಂತಿದ್ದು ಶುರುವಾಗ್ತದ.”

“ಹಂಗಾರ ಮೂರು ತರ್ಲೇನು?”

“ಪೂರ್ತಿ ಕೇಳು. ನಿಂತಿದ್ದು ನಿಂತೇ ಇದ್ರ ಅದು ಪಂಪ್ ಅಲ್ಲ, ಬರೇ ಕಬ್ಬಿಣ. ಅದಕ್ಕ ಪಾಳಿ ಹಚ್ಚಿ ಅದನ್ನೂ ಓಡಿಸ್ತಿದ್ವಿ. ಮತ್ತ, ಮೂರೂ ಒಂದೇ ಘಟಕದಾಗ ಇರ್ತಾವ. ಘಟಕನೇ ಬಂದಾತಂದ್ರ ಮೂರಿದ್ದು ಏನು ಮಾಡ್ತಿ?”

ನಾನು ನೋಡದೇ ಬಿಟ್ಟಿದ್ದು ಅದನ್ನೇ. ಡಬ್ಬಿಯಲ್ಲಿ ಎಷ್ಟೇ ಡಿಸ್ಕಿರಲಿ, ಡಬ್ಬಿ ಇರುವುದು ಒಂದೇ ಮನೆಯಲ್ಲಿ. ಸಿಡಿಲು ಬಡಿದರೆ, ಕಳ್ಳ ಬಂದರೆ, ಇಲ್ಲವೇ ನಾನೇ ನಿದ್ದೆಗಣ್ಣಿನಲ್ಲಿ ತಪ್ಪು ಫೈಲು ಅಳಿಸಿದರೆ ಕನ್ನಡಿಯೂ ಕೂಡಲೇ ಅಳಿಸಿಕೊಳ್ಳುತ್ತದೆ. ಡಿಸ್ಕು ಕೆಟ್ಟಾಗ ಕೆಲಸ ನಿಲ್ಲದಂತೆ ಮಾಡುವುದು ಬೇರೆ, ಕಳೆದದ್ದು ಮತ್ತೆ ಸಿಗುವಂತೆ ಮಾಡುವುದು ಬೇರೆ.

ಕೊನೆಗೆ ಮೂರು ಡಿಸ್ಕು ತಂದೆ, ಬೇರೆ ಬೇರೆ ಅಂಗಡಿಗಳಿಂದ. ಎರಡು ಡಬ್ಬಿಯೊಳಗೆ ಕನ್ನಡಿಯಾಗಿ ಕೂತಿವೆ. ಹಾರುಬೂದಿಯ ಧೂಳಿಗೆ ಹೆದರಿ ಡಬ್ಬಿಯನ್ನು ಒಳಗಿನ ಕೋಣೆಯಲ್ಲಿಟ್ಟಿದ್ದೇನೆ. ಮೂರನೆಯದು ಮಾನವಿಯಲ್ಲಿ ಚಿಗವ್ವನ ಮನೆಯ ಟ್ರಂಕಿನಲ್ಲಿ, ಸೀರೆಗಳ ನಡುವೆ ಇದೆ. ಅಮಾಸಿಗೊಮ್ಮೆ ಅದನ್ನು ತಂದು ಹೊಸ ಹಾಡು ತುಂಬಿ, ಯಾವುದಾದರೂ ನಾಲ್ಕು ಹಳೆಯ ಫೈಲು ನುಡಿಸಿ ನೋಡಿ, ವಾಪಸು ಕೊಟ್ಟು ಬರುತ್ತೇನೆ. ಇದು ಅಪ್ಪ ಹೇಳಿದ ಪಾಳಿ.

ಡಿಸ್ಕು ಬಂದ ಮೇಲೆ ಅಜ್ಜಿಯ ಊರಿಗೆ ಹೋದೆ. ಮೂವತ್ತು ವರ್ಷ ಅವರ ಹಿಂದೆ ಸೊಲ್ಲು ಎತ್ತಿದ ಗೆಳತಿಯೊಬ್ಬರಿದ್ದಾರೆ. ನಡೆದದ್ದನ್ನು ತಲೆ ತಗ್ಗಿಸಿ ಹೇಳಿದೆ. ಅವರು ಬೈಯಲಿಲ್ಲ. “ಅಕಿ ಮುಂದ ಅಂದ್ರ ನಾ ಹಿಂದ ಅಂತಿದ್ದೆ. ಮುಂದಿಂದು ಈಗ ನೆನಸಬೇಕಾತು ನೋಡು,” ಎಂದು ಕಣ್ಣು ಮುಚ್ಚಿ ಕುಳಿತರು. ಸಂಜೆಯವರೆಗೆ ಏಳು ಪದಗಳು ಬಂದವು. ಒಂದೆರಡು ಕಡೆ ನುಡಿ ತಪ್ಪಿದಾಗ ಅಜ್ಜಿಯ ಮೊಮ್ಮಗ ಬಾಗಿಲಲ್ಲಿ ನಿಂತೇ ಸರಿಪಡಿಸಿದ. ಉಳಿದವರ ಲೆಕ್ಕದಿಂದ ಕಳೆದದ್ದನ್ನು ಪಡೆಯುವುದು ಹೀಗೂ ಆಗುತ್ತದೆ. ಆದರೆ ಮಾತು ಬಂತು, ದನಿ ಬರಲಿಲ್ಲ. ಸಾಲಿನ ಕೊನೆಯಲ್ಲಿ ಅಜ್ಜಿ ಉಸಿರು ಎಳೆದು ನಿಲ್ಲಿಸುತ್ತಿದ್ದ ರೀತಿ ಇನ್ನು ನನ್ನ ಕಿವಿಯಲ್ಲಷ್ಟೇ ಇದೆ. ಅದಕ್ಕೆ ನಕಲು ಇಲ್ಲ.

ಬರುವಾಗ ಆ ಏಳು ಪದಗಳನ್ನು ಮೊಮ್ಮಗನ ಮೊಬೈಲಿಗೆ ಹಾಕಿಕೊಟ್ಟೆ. ಮನೆಗೆ ಬಂದು ಮೂರೂ ಡಿಸ್ಕಿಗೆ ತುಂಬಿದೆ. ಫೋಲ್ಡರಿನ ಹೆಸರು ಮಾತ್ರ ಮೊದಲಿನದೇ ಇದೆ: ಅಜ್ಜಿ, ಹನ್ನೊಂದು ಪದ.