ಒಂದೇ ಕಂಪ್ಯೂಟರ್, ಎರಡು ಖಾತೆ ಪುಸ್ತಕ

ನಮ್ಮ ಅಬ್ಬಾ ಅವರದು ಸಣ್ಣ ಹಾರ್ಡ್‌ವೇರ್ ಅಂಗಡಿ. ಪೈಪು, ಮೊಳೆ, ಪೇಂಟು, ಸಿಮೆಂಟು ಮಾರುತ್ತಾರೆ. ಅಂಗಡಿಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಪರಿಚಯದವರೊಬ್ಬರು ಕೆಲವು ವರ್ಷಗಳ ಹಿಂದೆ ಮಾಡಿಕೊಟ್ಟ ಬಿಲ್ಲಿಂಗ್ ಪ್ರೋಗ್ರಾಂ ಅದರಲ್ಲಿದೆ. ಬಿಲ್ಲು, ಸ್ಟಾಕು, ಮುಖ್ಯವಾಗಿ ಯಾರ ಉದ್ರಿ ಎಷ್ಟು ಎಂಬ ಲೆಕ್ಕ, ಎಲ್ಲವೂ ಮೈಎಸ್‌ಕ್ಯೂಎಲ್ 5.7 ಎಂಬ ಡೇಟಾಬೇಸ್ ಸರ್ವರ್‌ನಲ್ಲಿ ಇರುತ್ತದೆ. ಸರ್ವರ್ ಅಂದರೆ ದೊಡ್ಡ ಯಂತ್ರವೇ ಆಗಬೇಕಿಲ್ಲ. ಬೇರೆ ಪ್ರೋಗ್ರಾಂಗಳು ಕೇಳಿದ ಮಾಹಿತಿಯನ್ನು ಕೊಡಲು ಹಿಂದೆ ಸದಾ ಎಚ್ಚರವಾಗಿರುವ ಸಾಫ್ಟ್‌ವೇರ್‌ಗೂ ಅದೇ ಹೆಸರು.

ನಾನು ಕಾಮರ್ಸ್ ವಿದ್ಯಾರ್ಥಿನಿ, ಆದರೆ ಕಂಪ್ಯೂಟರ್ ಸೈನ್ಸ್ ಕೂಡ ನನ್ನ ಒಂದು ವಿಷಯ. ನಮ್ಮ ಲ್ಯಾಬ್‌ನಲ್ಲಿ ಮೈಎಸ್‌ಕ್ಯೂಎಲ್ 8.0 ಇದೆ. ಪ್ರಾಕ್ಟಿಕಲ್ ಪರೀಕ್ಷೆಗೆ ಅಂಗಡಿಯ ಕಂಪ್ಯೂಟರಿನಲ್ಲೂ ಅದನ್ನೇ ಹಾಕಿ ಅಭ್ಯಾಸ ಮಾಡೋಣ ಅನಿಸಿತು. ಒಂದು ಭಾನುವಾರ ಸಂಜೆ ಕುಳಿತೆ. ಹೊಸದು ಬರಬೇಕಾದರೆ ಹಳೆಯದು ಹೋಗಬೇಕು ಎಂದು ನನಗೆ ನಾನೇ ತೀರ್ಮಾನಿಸಿ 5.7 ಅನ್ನು ತೆಗೆಯಲು ಹೊರಟೆ. ಡೇಟಾ ಫೋಲ್ಡರನ್ನೂ ತೆಗೆಯಬೇಕೇ ಎಂದು ಇನ್‌ಸ್ಟಾಲರ್ ಕೇಳಿತು. ನಾನು ಓದದೆಯೇ ಹೌದು ಎಂದು ಟಿಕ್ ಮಾಡಿದೆ.

ಐದು ನಿಮಿಷದಲ್ಲಿ 8.0 ಬಂತು. ಖುಷಿಯಾಯಿತು. ಸೋಮವಾರ ಬೆಳಿಗ್ಗೆ ಅಬ್ಬಾ ಬಿಲ್ಲಿಂಗ್ ಪ್ರೋಗ್ರಾಂ ತೆರೆದರೆ ಅದು ತೆರೆಯಲೇ ಇಲ್ಲ. ಯಾರ ಉದ್ರಿಯೂ ಇಲ್ಲ, ಯಾವ ಬಿಲ್ಲೂ ಇಲ್ಲ. "ಕ್ಯಾ ಹುವಾ ಬೇಟಾ?" ಎಂದರು. ನನಗೆ ಮಾತೇ ಹೊರಡಲಿಲ್ಲ.

ಭಾಯಿಜಾನ್ ಹತ್ತಿರ ಪೆನ್‌ಡ್ರೈವ್‌ನಲ್ಲಿ ಒಂದು ಬ್ಯಾಕಪ್ ಸಿಕ್ಕಿತು. ಆದರೆ ಅದು ಮೂರು ವಾರ ಹಳೆಯದು. ಆ ಮೂರು ವಾರವನ್ನು ಉಳಿಸಿದ್ದು ಅಬ್ಬಾ ಅವರ ಕೆಂಪು ಪುಸ್ತಕ. ಕಂಪ್ಯೂಟರನ್ನು ಪೂರ್ತಿ ನಂಬದ ಅವರು ಉದ್ರಿಯನ್ನು ಅದರಲ್ಲಿ ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದರು. ನಾನು ಎಷ್ಟೋ ಸಲ ನಕ್ಕಿದ್ದೆ. ಈಗ ಅಂಗಡಿ ಮುಚ್ಚಿದ ಮೇಲೆ ಮೂರು ರಾತ್ರಿ ಅವರು ಓದುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಅವರು ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಒಬ್ಬ ಗಾರೆ ಮೇಸ್ತ್ರಿ ತಾವೇ ಬಂದು, "ಸಾಬ್, ನಂದೊಂದು ಬಾಕಿ ಇದೆ, ಬರ್ಕೊಂಡಿದ್ದೀರಾ?" ಎಂದು ಕೇಳಿದರು. ಪುಸ್ತಕದಲ್ಲಿ ಅದು ಇರಲಿಲ್ಲ. ಅವರ ಹಾಗೆ ಬಂದು ಹೇಳದವರ ಬಾಕಿ ಎಷ್ಟು ಹೋಯಿತೋ, ಅದು ನನ್ನ ಲೆಕ್ಕ.

ನಂತರ ನಮ್ಮ ಕಂಪ್ಯೂಟರ್ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹೊಸ ವರ್ಷದ ಲೆಡ್ಜರ್ ತಂದಾಗ ಹಳೆಯದನ್ನು ಸುಡುತ್ತೀಯಾ?" ಅಕೌಂಟೆನ್ಸಿ ಓದುವ ನನಗೆ ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ಎರಡು ಆವೃತ್ತಿಗಳು ಒಂದೇ ಕಂಪ್ಯೂಟರಿನಲ್ಲಿ ಜಗಳವಿಲ್ಲದೆ ಇರಬಹುದು, ಎಲ್ಲವೂ ಬೇರೆ ಬೇರೆ ಇದ್ದರೆ ಸಾಕು.

ಅವರು ಹೇಳಿದಂತೆ ಹೀಗೆ ಮಾಡಿದೆವು. ಹಳೆಯ ಆವೃತ್ತಿಗಳ ಸಂಗ್ರಹದಿಂದ 5.7 ಅನ್ನು ಮತ್ತೆ ತಂದು ಹಾಕಿದೆವು. ಸರ್ವರ್ ಕಿವಿಗೊಟ್ಟು ಕೂರುವ ಬಾಗಿಲಿನ ಸಂಖ್ಯೆಗೆ ಪೋರ್ಟ್ ಎನ್ನುತ್ತಾರೆ. ಮೈಎಸ್‌ಕ್ಯೂಎಲ್‌ಗೆ ರೂಢಿಯ ಪೋರ್ಟ್ 3306. ಒಂದೇ ಬಾಗಿಲಲ್ಲಿ ಇಬ್ಬರು ನಿಲ್ಲಲಾಗದು. ಅಂಗಡಿಯ 5.7ಕ್ಕೆ 3306 ಬಿಟ್ಟು, ನನ್ನ 8.0ಕ್ಕೆ 3307 ಕೊಟ್ಟೆವು. ಡೇಟಾ ಫೋಲ್ಡರ್ ಬೇರೆ, ಸೆಟ್ಟಿಂಗ್ಸ್ ಫೈಲ್ ಬೇರೆ, ವಿಂಡೋಸ್‌ನಲ್ಲಿ ಸರ್ವಿಸ್ ಹೆಸರೂ ಬೇರೆ. ಪಾಸ್‌ವರ್ಡ್ ಕೂಡ ಬೇರೆ ಇಟ್ಟೆವು, ತಪ್ಪು ಬಾಗಿಲು ತಟ್ಟಿದರೆ ಅದು ತೆರೆಯಬಾರದಲ್ಲ! ಡೆಸ್ಕ್‌ಟಾಪ್ ಮೇಲೆ ಎರಡು ಶಾರ್ಟ್‌ಕಟ್: "ದುಕಾನ್", "ಕಾಲೇಜ್".

ಮೇಡಂ ಹೇಳಿದ ಇನ್ನೊಂದು ಮಾತು ಕೇಳಿ ಎದೆ ಝಲ್ಲೆಂದಿತು. 5.7ರ ಡೇಟಾ ಫೋಲ್ಡರನ್ನು 8.0ಕ್ಕೆ ತೋರಿಸಿದರೆ ಅದು ಫೋಲ್ಡರನ್ನೇ ತನ್ನ ರೀತಿಗೆ ಬದಲಾಯಿಸಿಬಿಡುತ್ತದೆ. ಆಮೇಲೆ 5.7 ಅದನ್ನು ತೆರೆಯಲಾರದು, ಹಿಂದಿರುಗುವ ದಾರಿ ಇಲ್ಲ. ಆದ್ದರಿಂದ ಹೊಸದಕ್ಕೆ ಹಳೆಯ ಫೋಲ್ಡರ್ ಕೊಡಬಾರದು, ಅದರ ಪ್ರತಿಯನ್ನು ಕೊಡಬೇಕು. ಮೈಎಸ್‌ಕ್ಯೂಎಲ್‌ಡಂಪ್ ಎಂಬ ಪ್ರೋಗ್ರಾಂ ಇಡೀ ಡೇಟಾಬೇಸನ್ನು ಒಂದು ಫೈಲಿನಲ್ಲಿ ಬರೆದುಕೊಡುತ್ತದೆ, ಮೂಲವನ್ನು ಮುಟ್ಟುವುದಿಲ್ಲ.

ಈಗ ಪ್ರತಿ ರಾತ್ರಿ ಅಂಗಡಿ ಮುಚ್ಚುವ ಮುಂಚೆ ಡಂಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕುವುದು ನನ್ನ ಕೆಲಸ. ವಾರಕ್ಕೊಮ್ಮೆ ಆ ಫೈಲನ್ನು 3307ರ 8.0ಕ್ಕೆ ತುಂಬಿ, ಒಟ್ಟು ಬಿಲ್ಲು ಎಷ್ಟು, ಒಟ್ಟು ಉದ್ರಿ ಎಷ್ಟು ಎಂದು ಎರಡೂ ಕಡೆ ಕೂಡಿಸಿ ನೋಡುತ್ತೇನೆ. ನಮ್ಮ ತಾಳೆಪಟ್ಟಿಯ ಹಾಗೆಯೇ ಇದು. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ ಅಲ್ಲ, ಬರೀ ಸಮಾಧಾನ.

ಹಳೆಯದನ್ನು ಶಾಶ್ವತವಾಗಿ ಇಟ್ಟುಕೊಳ್ಳುವಂತೆಯೂ ಇಲ್ಲ. 5.7ರ ಬೆಂಬಲ 2023ರ ಅಕ್ಟೋಬರ್‌ನಲ್ಲೇ ಮುಗಿದಿದೆ, ಹೊಸ ದೋಷ ಕಂಡುಬಂದರೂ ಯಾರೂ ಸರಿಪಡಿಸಿ ಕೊಡುವುದಿಲ್ಲ. ಹಾಗಾಗಿ ಅದು ಆ ಕಂಪ್ಯೂಟರಿನೊಳಗಿನ ಪ್ರೋಗ್ರಾಂಗಳಿಗೆ ಮಾತ್ರ ಉತ್ತರಿಸುವಂತೆ, ಹೊರಗಿನ ನೆಟ್‌ವರ್ಕ್‌ಗೆ ಕಾಣದಂತೆ ಮಾಡಿದ್ದೇವೆ. ಲಾಗಿನ್ ಪರಿಶೀಲಿಸುವ ರೀತಿ 8.0ರಲ್ಲಿ ಬದಲಾಗಿರುವುದರಿಂದ ನಮ್ಮ ಬಿಲ್ಲಿಂಗ್ ಪ್ರೋಗ್ರಾಂ ಅದರ ಜೊತೆ ನೇರವಾಗಿ ಮಾತಾಡುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಅದನ್ನೂ ಸರಿಮಾಡಿ, ಪ್ರತಿಯ ಮೇಲೆ ಓಡಿಸಿ ನೋಡಿ, ಲೆಕ್ಕ ತಾಳೆಯಾದ ಮೇಲಷ್ಟೇ ಅಂಗಡಿಯನ್ನು ಹೊಸದಕ್ಕೆ ಕರೆದೊಯ್ಯಬೇಕು.

ಸ್ನೇಹಿತರೇ, ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಯಾರದೋ ದುಡಿಮೆಯ ಲೆಕ್ಕ ಇರಬಹುದು. ಏನಾದರೂ ಹೊಸದು ಹಾಕುವ ಮುಂಚೆ ಪ್ರತಿ ತೆಗೆಯಿರಿ, ಟಿಕ್ ಮಾಡುವ ಮುಂಚೆ ಓದಿರಿ. ಅಬ್ಬಾ ಇವತ್ತಿಗೂ ಕೆಂಪು ಪುಸ್ತಕ ಬರೆಯುತ್ತಾರೆ. ಈಗ ನಾನು ನಗುವುದಿಲ್ಲ. ಅದು ಮುಗಿಯುತ್ತಾ ಬಂದಾಗ ಹೊಸದನ್ನು ನಾನೇ ತಂದುಕೊಡುತ್ತೇನೆ.