ದಕ್ಷಿಣದ ಚಿರಾಪುಂಜಿಯವನು

ಏಳನೇ ಕ್ಲಾಸಿನಲ್ಲಿ ಕನ್ನಡ ಮೇಷ್ಟ್ರು ‘ಓದಿಕೊಂಡು ಬನ್ನಿ, ನಾಳೆ ಪ್ರಶ್ನೆ ಕೇಳ್ತೀನಿ’ ಎಂದು ಒಂದು ಪ್ರವಾಸ ಲೇಖನ ಕೊಟ್ಟರು. ಆಗುಂಬೆಯ ಬಗ್ಗೆ. ನಮ್ಮೂರೇ! ಮನೆ ಮುಟ್ಟುವವರೆಗೆ ತಡೆಯಲಾರದೆ ಕೊಡೆಯೊಳಗೇ ಓದತೊಡಗಿದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಹಾಳೆಗಳು ನೆನೆದು ಒಂದಕ್ಕೊಂದು ಅಂಟಿದ್ದವು. ಆ ಲೇಖನಕ್ಕೆ ನಮ್ಮೂರ ಮಳೆ ತಾಗಿದ್ದು ಅದೊಂದೇ ಸಲ.

ಲೇಖಕರು ಬಂದದ್ದು ಡಿಸೆಂಬರಿನ ಒಂದು ಸಂಜೆ. ಘಾಟಿಯ 14 ತಿರುವು ಎಣಿಸಿ, ಅರಬ್ಬೀ ಸಮುದ್ರಕ್ಕೆ ಸೂರ್ಯ ಇಳಿಯುವುದನ್ನು ಕಂಡು ಧನ್ಯರಾಗಿ, ಕತ್ತಲಾಗುವ ಮೊದಲೇ ಕಾರು ಹತ್ತಿದ್ದರು. ಹೋಗುವಾಗ ‘ದಕ್ಷಿಣದ ಚಿರಾಪುಂಜಿ’ ಎಂದೊಂದು ಸಾಲು, ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿದ ಮಳೆ ಎಂದೊಂದು ಲೆಕ್ಕ. ಸೂರ್ಯಾಸ್ತಕ್ಕೆ ಮಾತ್ರ ಎರಡೂವರೆ ಪುಟ. ಜೂನ್ ಬಂತೆಂದರೆ ಸೂರ್ಯ ಹುಟ್ಟಿದ್ದೇ ನಮಗೆ ಗೊತ್ತಾಗುವುದಿಲ್ಲ. ಮುಳುಗುವುದು ಆಮೇಲಿನ ಮಾತು.

ಮಿಲಿಮೀಟರಿನ ಲೆಕ್ಕವನ್ನು ಅಮ್ಮನ ಹತ್ತಿರ ಕೇಳಬೇಕಿತ್ತು. ನನಗಿದ್ದದ್ದು ಎರಡೇ ಜೊತೆ ಯೂನಿಫಾರಂ. ಒಂದು ಮೈಮೇಲೆ, ಇನ್ನೊಂದು ಬಚ್ಚಲೊಲೆಯ ಮೇಲಿನ ಗಳದಲ್ಲಿ. ಆಗಸ್ಟಿನ ಹೊತ್ತಿಗೆ ಬಿಳಿ ಅಂಗಿ ಕಾಫಿ ಬಣ್ಣಕ್ಕೆ ತಿರುಗುತ್ತಿತ್ತು. ಇಡೀ ಕ್ಲಾಸೇ ಹೊಗೆ ನಾರುತ್ತಿದ್ದುದರಿಂದ ಯಾರ ಮೂಗಿಗೂ ಅದು ತಿಳಿಯುತ್ತಿರಲಿಲ್ಲ. ಶನಿವಾರ ಬಿಟ್ಟ ಚಪ್ಪಲಿಗೆ ಸೋಮವಾರ ಹಸಿರು ಬೂಷ್ಟು. ಪ್ರಾರ್ಥನೆಗೆ ನಿಂತಾಗ ಬೆರಳ ಸಂದಿಯಲ್ಲಿ ಉಂಬಳ. ಬಗ್ಗಿ ಕೀಳುವಂತಿಲ್ಲ, ಮೇಷ್ಟ್ರು ನೋಡುತ್ತಾರೆ. ರಾಷ್ಟ್ರಗೀತೆ ಮುಗಿಯುವುದರೊಳಗೆ ಅದಕ್ಕೂ ಊಟ ಮುಗಿದು, ದ್ರಾಕ್ಷಿಯಂತೆ ಉಬ್ಬಿ, ತಾನೇ ಉದುರುತ್ತಿತ್ತು. ಇಂಥ ದೇಶಭಕ್ತಿಯ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಅಜ್ಜನಿಗೆ ದೂರು ಹೇಳಿದೆ. ಕೆಂಡದ ಮೇಲೆ ಹಲಸಿನ ಹಪ್ಪಳ ತಿರುವುತ್ತಾ ಅಜ್ಜ, ‘ನಮ್ಮೂರನ್ನ ನಮ್ಮೂರು ಅಂತ ಯಾರು ಕರೀತಾರೆ ಮಾರಾಯ’ ಎಂದ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಣಕ್ಕೆ ಬಂದಾಗ ಪೇಟೆಯ ಗುಂಪಿನಲ್ಲಿ ನಿಂತವನು ಅವನು. ದೂರದರ್ಶನದಲ್ಲಿ ತನ್ನ ಬೆನ್ನು ಬಂದಿದೆ ಎಂಬುದು ಅವನ ವಾದ. ಅಜ್ಜಿ ಕೊನೆವರೆಗೂ ಒಪ್ಪಲಿಲ್ಲ. ಟಿವಿಯಲ್ಲಿ ಮಾಲ್ಗುಡಿ, ಪುಸ್ತಕದಲ್ಲಿ ಚಿರಾಪುಂಜಿ. ಆಗುಂಬೆ ಎಂಬ ಹೆಸರು ಬಸ್ಸಿನ ಬೋರ್ಡಿಗಷ್ಟೇ ಉಳಿದಿತ್ತು.

ಮರುದಿನ ಪ್ರಶ್ನೆ ಬಂತು: ‘ಆಗುಂಬೆ ಯಾವುದಕ್ಕೆ ಪ್ರಸಿದ್ಧ?’

‘ಉಂಬಳಕ್ಕೆ, ಸಾರ್.’

ಬಯಲುಸೀಮೆಯಿಂದ ವರ್ಗವಾಗಿ ಬಂದಿದ್ದ ಮೇಷ್ಟ್ರು ನಗು ತಡೆದುಕೊಂಡು, ‘ಲೇಖನದಲ್ಲಿರೋದು ಹೇಳಪ್ಪ’ ಎಂದರು. ಆಗಲೂ ಅವರ ಪ್ಯಾಂಟು ಮೊಣಕಾಲವರೆಗೆ ಮಡಚಿತ್ತು, ಪಾದದ ಮೇಲೆ ಸುಣ್ಣ ಹಚ್ಚಿದ ಎರಡು ಚುಕ್ಕೆಯಿತ್ತು. ನಾನು ಸೂರ್ಯಾಸ್ತ ಒಪ್ಪಿಸಿ ಕೂತೆ.

ಈಗ ಬೆಂಗಳೂರಿನಲ್ಲಿ ಯಾರಾದರೂ ‘ಯಾವೂರು ನಿಮ್ದು?’ ಎಂದು ಕೇಳಿದರೆ ಆಗುಂಬೆ ಎನ್ನುತ್ತೇನೆ. ‘ಓ, ಸನ್‌ಸೆಟ್!’ ‘ಹೌದು, ದಕ್ಷಿಣದ ಚಿರಾಪುಂಜಿ’ ಎಂದು ಸೇರಿಸುವವನೂ ನಾನೇ. ಉಂಬಳದ ವಿಷಯ ಲಿಫ್ಟಿನಲ್ಲಿ ನಿಂತು ಹೇಳುವಂಥದ್ದಲ್ಲ.

ಕಳೆದ ಸಲ ಅಮ್ಮ ಹಪ್ಪಳ ಕಟ್ಟಿ ಕಳಿಸಿದ ಹಳೇ ಪಂಚೆಯಲ್ಲಿ ಬಚ್ಚಲೊಲೆಯ ಹೊಗೆ ಹಾಗೇ ಇತ್ತು. ಹೆಂಡತಿ ವಾಷಿಂಗ್ ಮೆಷಿನ್ನಿಗೆ ಹಾಕಿದ್ದನ್ನು ಎತ್ತಿಕೊಂಡು ಕಪಾಟಿನಲ್ಲಿಟ್ಟೆ.

‘ಬೂಷ್ಟು ಬರುತ್ತೆ ಕಣ್ರೀ’ ಎಂದಳು.

ಅಷ್ಟು ಪುಣ್ಯ ಈ ಊರಿಗೆಲ್ಲಿದೆ.