ಕರ್ಜಿಲ್ಲದ ಕರ್ಜಿಕಾಯಿ

ಮನೆಯ ಲೆಕ್ಕದ ಪುಸ್ತಕಗಳನ್ನು ನಾನು ಎಸೆಯುವುದಿಲ್ಲ. ಇದಕ್ಕಾಗಿ ಮಕ್ಕಳಿಂದ ಬೈಸಿಕೊಂಡದ್ದೂ ಉಂಟು. ಮೊನ್ನೆ ಅಟ್ಟ ಶುದ್ಧಮಾಡುವಾಗ 1983ನೆಯ ಇಸವಿಯ ಪುಸ್ತಕ ಕೈಗೆ ಸಿಕ್ಕಿತು. ಡಿಸೆಂಬರ್ ತಿಂಗಳ ಹಾಳೆಯ ಮೇಲ್ತುದಿಯಲ್ಲಿ ‘ಕ್ರಿಸ್‌ಮಸ್ – 100 ರೂ.’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಇದರ ಮೇಲೆ ಒಂದು ಪೈಸೆಯೂ ಹೋಗಕೂಡದು ಎಂದು ಆ ಗೆರೆಗಳ ಅರ್ಥ. ಆ ನೂರು ರೂಪಾಯಿಯ ಹಬ್ಬದ ಕಥೆಯನ್ನು ನಮ್ಮ ಸಂಘದ ಓದುಗರಿಗೆ ಹೇಳಬೇಕೆನಿಸಿತು. ಪರವೂರಿನಲ್ಲಿ ಸಂಸಾರ ಹೂಡಿದವರ ಮನೆಯಲ್ಲಿ ಇಂಥದೊಂದು ಹಾಳೆ ಇದ್ದೇ ಇರುತ್ತದೆ.

ನಾನು ಹುಬ್ಬಳ್ಳಿಯ ಮಗಳು, ಬೆಟಗೇರಿಯ ಸೊಸೆ. ಕನ್ನಡದವರು, ಕ್ರೈಸ್ತರು ಎಂದೊಡನೆ “ಮಂಗಳೂರಿನವರೇ? ಮನೆಯಲ್ಲಿ ಕೊಂಕಣಿಯೇ?” ಎಂದು ಕೇಳುವವರು ಇಲ್ಲಿ ಬಹಳ. ಅಲ್ಲ, ನಮ್ಮ ಮನೆಮಾತು ಕನ್ನಡವೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳನ್ನು ತಲುಪಿದರು. 1894ರಲ್ಲಿ ಅಚ್ಚಾದ ಕಿಟ್ಟೆಲ್ ಸಾಹೇಬರ ನಿಘಂಟು ಎಲ್ಲರಿಗೂ ಗೊತ್ತು. ಅದೇ ಮಿಶನ್ನಿನ ದೇವಾಲಯಗಳಲ್ಲಿ ಕನ್ನಡದಲ್ಲೇ ಪ್ರಾರ್ಥಿಸುತ್ತ ಬಂದ ನಮ್ಮಂಥ ಮನೆಗಳು ಅಷ್ಟಾಗಿ ಗೊತ್ತಿಲ್ಲ. ನಮ್ಮ ಅತ್ತೆಯವರಂತೂ ಹೈದರಾಬಾದಿಗೆ ಬಂದ ಮೇಲೂ ತೆಲುಗು ಆರಾಧನೆಯ ನಡುವೆ ತಮ್ಮ ಕನ್ನಡ ಬೈಬಲನ್ನೇ ಬಿಚ್ಚಿಕೊಂಡು ಕೂಡುತ್ತಿದ್ದರು. “ಅಕ್ಷರಾ ಅಣ್ಣಾ ತಮ್ಮಾ ಇದ್ದಾಂಗ ಅದಾವ, ದೇವರಿಗೆ ತಿಳೀತೈತಿ ಬಿಡು” ಎನ್ನುತ್ತಿದ್ದರು.

ದಿಲ್‌ಸುಖ್‌ನಗರದಲ್ಲಿ, ವಿಜಯವಾಡಾ ಹೆದ್ದಾರಿಯಿಂದ ಎರಡು ಗಲ್ಲಿ ಒಳಗೆ, ಎರಡು ಕೋಣೆಯ ಬಾಡಿಗೆ ಮನೆ ನಮ್ಮದು. ಗಲ್ಲಿಯಲ್ಲಿ ಹೆಚ್ಚಿನವರು ನಲ್ಗೊಂಡದ ಕಡೆಯಿಂದ ಬಂದವರು. ಅವರೂ ನಮ್ಮ ಹಾಗೆಯೇ ಊರು ಬಿಟ್ಟವರಾದ್ದರಿಂದ ಹೊಂದಾಣಿಕೆ ಬೇಗ ಆಯಿತು. ಯುಗಾದಿಗೆ, ದಸರೆಗೆ, ದೀಪಾವಳಿಗೆ ಅವರ ಮನೆಗಳಿಂದ ತಟ್ಟೆ ಬರುತ್ತಿತ್ತು. ಕ್ರಿಸ್‌ಮಸ್ಸಿಗೆ ಒಂಬತ್ತು ಮನೆಗಳಿಗೆ ನಮ್ಮಿಂದ ಹೋಗುತ್ತಿತ್ತು.

ಆ ವರ್ಷ ದೀಪಾವಳಿಯ ಮರುವಾರ ನಮ್ಮ ಯಜಮಾನರ ಕಾರ್ಖಾನೆಗೆ ಬೀಗ ಬಿತ್ತು. ಇಂದು ತೆಗೆಯುತ್ತಾರೆ, ನಾಳೆ ತೆಗೆಯುತ್ತಾರೆ ಎಂದು ನವೆಂಬರ್ ಕಳೆಯಿತು. ಗಂಡ, ಹೆಂಡತಿ, ಮೂರು ಮಕ್ಕಳು, ಅತ್ತೆ ಹೀಗೆ ಆರು ಹೊಟ್ಟೆ. ಅದೇ ವರ್ಷ ಆಂಧ್ರ ಸರಕಾರ ಎರಡು ರೂಪಾಯಿಗೆ ಕಿಲೋ ಅಕ್ಕಿ ಕೊಡಲು ಆರಂಭಿಸಿತ್ತು. ಆ ರೇಶನ್ ಕಾರ್ಡು ಇಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ! ಬಾಡಿಗೆ, ಹಾಲು, ಶಾಲೆಯ ಫೀಜು ಎಲ್ಲ ತೆಗೆದಿಟ್ಟ ಮೇಲೆ ಹಬ್ಬಕ್ಕೆಂದು ಉಳಿದದ್ದು ನೂರೇ ರೂಪಾಯಿ.

ಯಜಮಾನರು ಮಲಕ್‌ಪೇಟೆಯಲ್ಲಿ ಒಬ್ಬರ ಹತ್ತಿರ ಬಡ್ಡಿಗೆ ಮುನ್ನೂರು ರೂಪಾಯಿ ತರುವ ಮಾತೆತ್ತಿದರು. “ಮಕ್ಕಳಿಗೆ ವರ್ಷಕ್ಕೊಂದು ಹಬ್ಬ” ಎಂದರು. ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು.

“ತಮ್ಮಾ, ಕರ್ಜು ಮಾಡಿ ಕರ್ಜಿಕಾಯಿ ಮಾಡಬ್ಯಾಡ್ರಿ. ಖಂಡ ಬಿಡ್ರಿ, ಹೊಸಾ ಅರಿವಿ ಬಿಡ್ರಿ. ಮಂದಿ ಮನಿಗೆ ಕಳಸೂ ತಾಟು ಮಾತ್ರ ಬಿಡಬ್ಯಾಡ್ರಿ. ಉಂಡದ್ದು ನಮಗೂ ನೆನಪ ಐತಿ, ಅವರಿಗೂ ನೆನಪ ಐತಿ.”

ಯಜಮಾನರು ಸುಮ್ಮನಾದರು. ನಾನು ಮಾತ್ರ ಒಳಗೊಳಗೇ ಒಪ್ಪಲಿಲ್ಲ. ಹೋದ ವರ್ಷ ತುಂಬಿ ತುಳುಕುವಂತೆ ಕಳಿಸಿದ ತಟ್ಟೆಯಲ್ಲಿ ಈ ವರ್ಷ ನಾಲ್ಕು ಕರ್ಜಿಕಾಯಿ ಇಟ್ಟರೆ ನೋಡಿದವರು ಏನೆಂದುಕೊಂಡಾರು? ಬೀಗದ ಸುದ್ದಿಯನ್ನೇ ನಾವು ಗಲ್ಲಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಯಜಮಾನರು ದಿನಾಲೂ ಡಬ್ಬಿ ಹಿಡಿದು ಹೊತ್ತಿಗೆ ಸರಿಯಾಗಿ ಹೊರಟು, ಎಲ್ಲೋ ಕೂತು, ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಹೀಗಾಗಿ ನಾನು ಒಂದು ಉಪಾಯ ಹೂಡಿದೆ. ಪಕ್ಕದ ಮನೆಯ ವದಿನೆಯ ಮುಂದೆ, “ಈ ಸಲ ಹಬ್ಬಕ್ಕೆ ನಾವೆಲ್ಲ ಊರಿಗೆ ಹೋಗುತ್ತೇವೆ” ಎಂದುಬಿಟ್ಟೆ. ಸಂಜೆಯೊಳಗೆ ಗಲ್ಲಿಗೆಲ್ಲ ಗೊತ್ತಾಯಿತು. ಊರಿಗೆ ಹೋದವರಿಂದ ತಟ್ಟೆಯನ್ನು ಯಾರು ಎದುರುನೋಡುತ್ತಾರೆ? ಹಬ್ಬದ ದಿನ ಬಾಗಿಲು ಮುಚ್ಚಿಕೊಂಡು ಹೇಗೆ ಕೂಡುವುದು, ಮಕ್ಕಳ ಬಾಯಿ ಹೇಗೆ ಕಟ್ಟುವುದು ಎಂಬುದನ್ನು ನಾನು ಯೋಚಿಸಿರಲಿಲ್ಲ.

ಇಪ್ಪತ್ತಮೂರನೆಯ ತಾರೀಖು, ಶುಕ್ರವಾರ ಸಂಜೆ. ವದಿನೆ ಒಂದು ಸ್ಟೀಲ್ ಡಬ್ಬಿ ಹಿಡಿದು ಒಳಗೆ ಬಂದರು. ಮುಚ್ಚಳ ತೆಗೆಯುವ ಮೊದಲೇ ಹುಣಸೆಹಣ್ಣು, ಇಂಗಿನ ವಾಸನೆ ಬಂತು. ನಮ್ಮ ಪ್ರಯಾಣಕ್ಕೆಂದು ಪುಳಿಹೋರ! ರಾಯಚೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಮಕ್ಕಳು ಹಸಿಯುತ್ತವೆ ಎಂದು ಮಾಡಿಕೊಂಡು ಬಂದಿದ್ದರು. “ಊರಿಕಿ ಎನ್ನಿ ಗಂಟಲಕು?” ಎಂದು ಕೇಳಿದರು.

ತೆಲುಗು ತಿಳಿಯದ ಅತ್ತೆಯವರಿಗೆ ಆ ಮಾತಿನಲ್ಲಿ ‘ಊರು’ ಒಂದು ತಿಳಿಯಿತು. ಅದು ಎರಡೂ ಭಾಷೆಗೆ ಒಂದೇ ಅಲ್ಲವೇ!

“ಊರಿಗೆ? ಯಾರು? ನಾವು ಎಲ್ಲೀ ಹೋಗೂದಿಲ್ಲವಾ. ಹೋಗಾಕ ರೊಕ್ಕ ಎಲ್ಲೈತಿ? ಇವರ ಕಾರ್ಖಾನಿ ಬಂದಾಗಿ ಎರಡು ತಿಂಗಳಾತು” ಎಂದು ಕೈ ತಿರುವಿ ತೋರಿಸಿದರು.

ನಾನು ನಿಂತ ನೆಲ ಬಾಯಿಬಿಡಬಾರದೇ ಎನಿಸಿತು. ಅತ್ತೆ ಹೇಳಿದ್ದನ್ನು ವದಿನೆಗೆ ತೆಲುಗಿನಲ್ಲಿ ಹೇಳಬೇಕಾದವಳೂ ನಾನೇ. ಮತ್ತೊಂದು ಸುಳ್ಳು ಕಟ್ಟಬಹುದಿತ್ತು, ಆದರೆ ಡಬ್ಬಿ ನನ್ನ ಕೈಯಲ್ಲಿ ಇನ್ನೂ ಬಿಸಿಯಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೀಗದ ವಿಷಯ ಹೇಳಿದೆ, ತಟ್ಟೆಯ ವಿಷಯವನ್ನೂ ಹೇಳಿದೆ.

ವದಿನೆ ಸಮಾಧಾನದ ಒಂದು ಮಾತೂ ಆಡಲಿಲ್ಲ. ಒಲೆಯ ಕಡೆ ನೋಡಿ, “ಕಜ್ಜಿಕಾಯಲಾ?” ಎಂದರು. ಅವರ ಭಾಷೆಯಲ್ಲಿ ಕರ್ಜಿಕಾಯಿಗೆ ಅದೇ ಹೆಸರು. ಅತ್ತೆ ಕಣಕ ನಾದಿ ಒದ್ದೆ ಬಟ್ಟೆ ಮುಚ್ಚಿಟ್ಟಿದ್ದರು. ವದಿನೆ ಮನೆಗೆ ಹೋಗಿ ತಮ್ಮ ಲಟ್ಟಣಿಗೆ ತಂದು ಕೂತರು. ಸಕ್ಕರೆ ತರಲಿಲ್ಲ, ಎಣ್ಣೆ ತರಲಿಲ್ಲ. ತಂದಿದ್ದರೆ ನಾನು ಅಂದು ಇನ್ನೂ ಕುಗ್ಗಿಹೋಗುತ್ತಿದ್ದೆ. ಲಟ್ಟಣಿಗೆಯನ್ನಷ್ಟೇ ತಂದರು. ಪುಠಾಣಿ ಹಿಟ್ಟು, ಬೆಲ್ಲ, ಒಣಕೊಬ್ಬರಿ, ಗಸಗಸೆಯ ಹೂರಣ ತುಂಬಿ ಅತ್ತೆ ಮಡಚಿದರು, ನಾನು ಕರಿದೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಅವರಿಬ್ಬರೂ ರಾತ್ರಿ ಹತ್ತರವರೆಗೆ ಏನು ಮಾತಾಡಿಕೊಂಡು ನಕ್ಕರೋ ನನಗಂತೂ ತಿಳಿಯಲಿಲ್ಲ.

ಮರುದಿನ ಗಲ್ಲಿಯ ಹೆಂಗಸರೆಲ್ಲ ಅತ್ತೆಯವರ ಆರೋಗ್ಯ ವಿಚಾರಿಸತೊಡಗಿದರು. ಅತ್ತೆಯವರಿಗೆ ಜ್ವರ, ಆದ್ದರಿಂದ ಪ್ರಯಾಣ ನಿಂತಿತು ಎಂದು ವದಿನೆ ಸುದ್ದಿ ಹಬ್ಬಿಸಿದ್ದರು. ನನ್ನ ಒಂದು ಸುಳ್ಳನ್ನು ಮುಚ್ಚಲು ಆ ದೇವತೆ ಇನ್ನೊಂದು ಸುಳ್ಳು ಹೇಳಿದ್ದರು. ಗಟ್ಟಿಮುಟ್ಟಾಗಿದ್ದ ಅತ್ತೆಯವರಿಗೆ, ಎಲ್ಲರೂ ತಮ್ಮ ಹಣೆ ಮುಟ್ಟಿ ನೋಡುವುದೇಕೆಂದು ಕೊನೆಯವರೆಗೂ ತಿಳಿಯಲಿಲ್ಲ.

ಇನ್ನು ಉಳಿದ ಹಬ್ಬ. ಸಂಕ್ರಾಂತಿಯ ಗಾಳಿಪಟದ ಕಾಲ ಹೈದರಾಬಾದಿನಲ್ಲಿ ಡಿಸೆಂಬರಿನಲ್ಲೇ ಶುರುವಾಗುತ್ತದೆ. ಪಟದ ಬಣ್ಣದ ಕಾಗದ, ಬಿದಿರು ಕಡ್ಡಿ ಮೂರು ರೂಪಾಯಿಯೊಳಗೆ ಬಂದವು. ಯಜಮಾನರೂ ದೊಡ್ಡ ಮಗನೂ ಸೇರಿ ನಕ್ಷತ್ರ ಕಟ್ಟಿ ಒಳಗೆ ಬಲ್ಬು ಇಳಿಬಿಟ್ಟರು. ನನ್ನದೊಂದು ಹಳೆಯ ಸೀರೆ ಮಗಳ ಫ್ರಾಕಾಯಿತು. ಹಿತ್ತಿಲಿನ ಪಪ್ಪಾಯಿಕಾಯಿಯನ್ನು ಸಣ್ಣಗೆ ಹೆಚ್ಚಿ, ಬೇಯಿಸಿ, ಸಕ್ಕರೆ ಪಾಕದಲ್ಲಿ ಅದ್ದಿ ಒಣಗಿಸಿದರೆ ಬೇಕರಿಯ ಟೂಟಿಫ್ರೂಟಿಯೇ ಆಗುತ್ತದೆ. ಕುಕ್ಕರಿನ ತಳಕ್ಕೆ ಮರಳು ಹರಡಿ, ಸೀಟಿ ತೆಗೆದಿಟ್ಟು, ಸಣ್ಣ ಉರಿಯಲ್ಲಿ ನಾಲ್ಕು ಮೊಟ್ಟೆಯ ಕೇಕು ಬೆಂದಿತು. ತಳ ತುಸು ಹೊತ್ತಿತು; ಹೊತ್ತಿದ ಭಾಗ ನಮಗಿರಲೆಂದು ಕೊಯ್ದಿಟ್ಟೆವು.

ಹಿಂದಿನ ವರ್ಷ ಮಕ್ಕಳನ್ನು ಮೇದಕ್‌ನ ದೊಡ್ಡ ದೇವಾಲಯಕ್ಕೆ ಕರೆದೊಯ್ದಿದ್ದೆವು. ಈ ಸಲ ಬಸ್ ಚಾರ್ಜಿಗೆ ಗತಿಯಿರಲಿಲ್ಲ. ಸಣ್ಣವನು ಹಟ ಹಿಡಿದಾಗ ಯಜಮಾನರು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ದೇವಾಲಯದ ಕಥೆ ಹೇಳಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮೇದಕ್ ಸೀಮೆಗೆ ಬರ ಬಂದಾಗ ಪಾಸ್ನೆಟ್ ಎಂಬ ಪಾದ್ರಿಗಳು, ಹಸಿದವರಿಗೆ ಬರಿಯ ಭಿಕ್ಷೆ ಹಾಕುವ ಬದಲು, ಕೆಲಸ ಕೊಟ್ಟು ಊಟ ಕೊಟ್ಟರು. ಆ ಕೈಗಳೇ ವರ್ಷಗಟ್ಟಲೆ ದುಡಿದು ಆ ಎತ್ತರದ ಗೋಪುರವನ್ನು ನಿಲ್ಲಿಸಿದವು. 1924ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನವೇ, ಅದರ ಪ್ರತಿಷ್ಠೆಯಾಯಿತು. “ಅಂಥಾ ಗುಡೀನ ಬರಗಾಲದಾಗ ಕಟ್ಟ್ಯಾರ, ನೋಡು” ಎಂದರು ಯಜಮಾನರು. ಎರಡು ತಿಂಗಳಿಂದ ಕೆಲಸವಿಲ್ಲದ ಆ ಮನುಷ್ಯ ‘ಕೆಲಸ ಕೊಟ್ಟು’ ಎಂಬ ಮಾತು ಹೇಳುವಾಗ ದನಿ ಒಡೆದದ್ದು ನನಗೆ ಕೇಳಿಸಿತು. ಮಗ ಮಾತ್ರ ಗೋಪುರದ ತುದಿಗೆ ಹತ್ತಲು ಏಣಿ ಇತ್ತೇ ಎಂದು ಕೇಳಿದ.

ಭಾನುವಾರ ಕ್ರಿಸ್‌ಮಸ್. ಆರಾಧನೆ ಮುಗಿಸಿ ಬಂದು ಒಂಬತ್ತು ತಟ್ಟೆ ಜೋಡಿಸಿದೆವು. ತಟ್ಟೆಗೆ ನಾಲ್ಕು ಕರ್ಜಿಕಾಯಿ, ರೇಶನ್ ಅಕ್ಕಿಯ ಮೂರು ಚಕ್ಕುಲಿ, ಒಂದು ಹಿಡಿ ಶಂಕರಪೋಳಿ, ಒಂದು ತುಂಡು ಕೇಕು. ಮೇಲೆ ಕುರುಶದ ಬಟ್ಟೆ ಮುಚ್ಚಿದಾಗ ತಟ್ಟೆ ಬರಿದಾಗಿ ಕಾಣಲಿಲ್ಲ. ನಮ್ಮ ಊಟಕ್ಕೆ ಹೈದರಾಬಾದಿನ ಬಗಾರಾ ಅನ್ನ, ಬೆಟಗೇರಿಯ ಬದನೆಕಾಯಿ ಎಣ್ಣೆಗಾಯಿ. ಹಬ್ಬದ ದಿನ ಖಂಡ ಇಲ್ಲದ ಊಟ ಮಕ್ಕಳು ಕಂಡದ್ದು ಅದೇ ಮೊದಲು. ದೊಡ್ಡವನು ಒಮ್ಮೆ ಪಾತ್ರೆಯೊಳಗೆ ಇಣುಕಿ ನೋಡಿ, ಏನೂ ಅನ್ನದೆ ಉಂಡ. ಅವನು ಕೇಳಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲ.

ಲೆಕ್ಕದ ಪುಸ್ತಕ ನೋಡಿದರೆ, ದೇವಾಲಯದ ಕಾಣಿಕೆ ಐದು ರೂಪಾಯಿಯೂ ಸೇರಿ ಖರ್ಚಾದದ್ದು 91 ರೂಪಾಯಿ. ಅದರಲ್ಲಿ ಎಣ್ಣೆಯೊಂದೇ 32. ಉಳಿದ ಒಂಬತ್ತು ರೂಪಾಯಿ ಜನವರಿಯ ಹಾಲಿಗೆ ಹೋಯಿತು. ಕಾರ್ಖಾನೆ ಬಾಗಿಲು ತೆಗೆದದ್ದು ಮಾರ್ಚಿಯಲ್ಲಿ. ಅಲ್ಲಿಯವರೆಗೂ ಕಷ್ಟವಿತ್ತು, ಆದರೆ ಯಜಮಾನರು ಡಬ್ಬಿ ಹಿಡಿದು ಸುಮ್ಮನೆ ಹೊರಡುವುದು ನಿಂತಿತು. ಗಲ್ಲಿಯವರೊಬ್ಬರು ತಮ್ಮ ಅಂಗಡಿಯ ಲೆಕ್ಕ ಬರೆಯಲು ಕರೆದರು. ಅವರಿಗೆ ವಿಷಯ ಯಾರು ತಿಳಿಸಿದರೆಂದು ನಾನು ಕೇಳಲಿಲ್ಲ.

ಪುಳಿಹೋರದ ಆ ಡಬ್ಬಿಯನ್ನು ಬರಿದಾಗಿ ಮರಳಿಸಲು ಅತ್ತೆ ಬಿಡಲಿಲ್ಲ. ಕರ್ಜಿಕಾಯಿ ತುಂಬಿ ಕಳಿಸಿದರು. ಸಂಕ್ರಾಂತಿಗೆ ಅದು ಸಕಿನಾಲು ತುಂಬಿಕೊಂಡು ಬಂತು. ಯುಗಾದಿಗೆ ಹೋಳಿಗೆಯೊಂದಿಗೆ ಹೋಯಿತು. ಹೀಗೆ ಮೂವತ್ತು ವರ್ಷ ಎರಡು ಮನೆಗಳ ನಡುವೆ ಓಡಾಡಿತು. ಈಗ ಅತ್ತೆಯವರಿಲ್ಲ, ಯಜಮಾನರಿಲ್ಲ, ವದಿನೆಯೂ ತೀರಿಕೊಂಡರು. ಅವರ ಮನೆಯಿದ್ದ ಜಾಗದಲ್ಲಿ ಐದು ಅಂತಸ್ತಿನ ಕಟ್ಟಡ ನಿಂತಿದೆ. ಡಬ್ಬಿ ಕೊನೆಗೆ ನಮ್ಮ ಮನೆಯಲ್ಲಿ ಉಳಿಯಿತು. ಅಂದರೆ ಸರದಿ ನಮ್ಮದು.

ವದಿನೆಯ ಮಗ ಮಿಯಾಪುರದಲ್ಲಿದ್ದಾನೆ. 2018ರಿಂದ ದಿಲ್‌ಸುಖ್‌ನಗರದಲ್ಲಿ ಮೆಟ್ರೋ ಹತ್ತಿದರೆ ನಡುವೆ ಗಾಡಿ ಬದಲಿಸದೆ ಅಲ್ಲಿಗೆ ಹೋಗಬಹುದು. ಮೊಣಕಾಲು ನೋವಿನ ನೆಪ ಹೇಳಿ ಇಷ್ಟು ವರ್ಷ ಕಳೆದೆ. ಈ ಡಿಸೆಂಬರಿಗೆ ಕಣಕ ನಾದಬೇಕೆಂದಿದ್ದೇನೆ. ಡಬ್ಬಿಗೆ ಇಪ್ಪತ್ತು ಕರ್ಜಿಕಾಯಿ ಹಿಡಿಸುತ್ತವೆ.